ಸರಪಳಿ ಬುಟ್ಟಿಯ ಮೇಷ್ಟ್ರು

ನಾನು ಓದು ನಿಲ್ಲಿಸಿದ್ದು ೧೯೭೪ರಲ್ಲಿ, ಎಂಟನೇ ತರಗತಿಯ ಅರ್ಧದಲ್ಲಿ. ಯಾರೂ ಬಿಡಿಸಲಿಲ್ಲ. ಸಿಂಧಘಟ್ಟದ ನಮ್ಮ ಮನೆಯಲ್ಲಿ ಅಪ್ಪ ಓದು ಓದು ಎಂದೇ ಹೇಳುತ್ತಿದ್ದರು. ಬೆಂಚಿನ ಮೇಲೆ ಕೂರಲು ನನಗೇ ಆಗುತ್ತಿರಲಿಲ್ಲ. ಪಾಂಡವಪುರದಲ್ಲಿ ಸೋದರಮಾವನಿಗೆ ಕಬ್ಬಿನ ಗಾಡಿ, ಟ್ರೈಲರು ರಿಪೇರಿ ಮಾಡುವ ಶೆಡ್ಡಿತ್ತು. ಅಲ್ಲಿಗೆ ಹೋಗಿ ಸುತ್ತಿಗೆ ಹಿಡಿದೆ. ಹನ್ನೊಂದು ವರ್ಷ ಅವರ ಕೈಕೆಳಗೆ ದುಡಿದು, ಆಮೇಲೆ ಸ್ಟೇಷನ್ ರಸ್ತೆಯಲ್ಲಿ ನನ್ನದೇ ವೆಲ್ಡಿಂಗ್ ಅಂಗಡಿ ಹಾಕಿದೆ. ಯಾರ ಶಿಫಾರಸೂ ಇರಲಿಲ್ಲ. ನಾನು ಮಾಡಿದ ಗೇಟು ಕಳಚಿ ಬಂತು ಎಂದು ಇವತ್ತಿನವರೆಗೆ ಒಬ್ಬ ಗಿರಾಕಿ ವಾಪಸ್ ಬಂದವನಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಮುಂದೆ ಬರೆಯಬೇಕಾದದ್ದು ಆ ಹೆಮ್ಮೆ ಮಾಡಿದ ಕೆಲಸದ ವಿಷಯ.

ಮೇಷ್ಟ್ರು ತೀರಿಹೋಗಿ ಮೂರು ತಿಂಗಳಾಯಿತು. ಅವರ ಹೆಸರು ಬರೆಯುವುದಿಲ್ಲ. ಅವರು ಇದ್ದ ವಿಶ್ವವಿದ್ಯಾನಿಲಯದ ಹೆಸರನ್ನೂ ಬರೆಯುವುದಿಲ್ಲ. ನಾಗಮಂಗಲದ ಕಡೆಗೆ ಹೋಗುವ ರಸ್ತೆಯಲ್ಲಿ ಅದರದೊಂದು ಕ್ಯಾಂಪಸ್ಸು ಇತ್ತು ಎಂದರೆ ಸಾಕು. ನೀರಿಲ್ಲದ ಕಡೆ, ಕಲ್ಲು ನೆಲ. ಅಲ್ಲಿ ಅವರು ದೈಹಿಕ ಶಿಕ್ಷಣದ ಮೇಷ್ಟ್ರು. ಸ್ವಂತ ಊರು ಶ್ರೀರಂಗಪಟ್ಟಣ, ದೇವಸ್ಥಾನದ ಕೆಲಸದ ಮನೆತನ. ಅಣ್ಣತಮ್ಮಂದಿರೆಲ್ಲ ಪೂಜೆ, ಪಾಠ, ಕಚೇರಿ ಎಂದು ನೆರಳಿನಲ್ಲಿ ಕೂತರೆ ಇವರೊಬ್ಬರು ಬಿಸಿಲು ಆರಿಸಿಕೊಂಡಿದ್ದರು.

ತೆಳ್ಳಗೆ, ಉದ್ದಕ್ಕೆ ಇದ್ದರು. ಕ್ಯಾನ್ವಾಸ್ ಬೂಟಿಗೆ ದಿನವೂ ಸೀಮೆಸುಣ್ಣ ಉಜ್ಜಿ ಬೆಳ್ಳಗೆ ಮಾಡಿಕೊಳ್ಳುತ್ತಿದ್ದರು. ಆಟದ ಮೇಷ್ಟ್ರಾಗಿಯೂ ಕೊರಳಿಗೆ ವಿಶಲ್ ಹಾಕಿದ್ದನ್ನು ನಾನು ಎಂದೂ ನೋಡಿಲ್ಲ. ಕೇಳಿದರೆ, "ಊದಿದರೆ ಓಡಿ ಬರೋಕೆ ಮಕ್ಕಳೇನು ದನವೇನಯ್ಯ?" ಎನ್ನುತ್ತಿದ್ದರು. ಜೇಬಿನಲ್ಲಿ ಯಾವಾಗಲೂ ಕಡಲೆಕಾಯಿ. ಬಲ ಜೇಬಿನಿಂದ ತೆಗೆದು ತಿಂದು ಸಿಪ್ಪೆಯನ್ನು ಎಡ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮೈದಾನದಲ್ಲಿ ಒಂದು ಸಿಪ್ಪೆ ಬಿದ್ದರೂ ಬಗ್ಗಿ ಎತ್ತುತ್ತಿದ್ದರು.

ನನ್ನನ್ನು ಅವರು ಇಂಜಿನಿಯರೇ ಎಂದು ಕರೆಯುತ್ತಿದ್ದರು. ವಾಲಿಬಾಲ್ ಕಂಬ ನೆಡಲು ಹೋದ ಮೊದಲ ದಿನವೇ ಹಾಗೆ ಕರೆದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಾನು ಮುಖ ಬಿಗಿದುಕೊಂಡೆ.

"ಯಾಕಯ್ಯ ಸಿಟ್ಟು?"

"ನಾನು ಎಂಟ್ನೇ ಕ್ಲಾಸೂ ಮುಗಿಸ್ಲಿಲ್ಲ ಸಾ. ಇಂಜಿನಿಯರು ಅಂತ ಅಣಕಿಸ್ಬ್ಯಾಡಿ."

"ಕಂಬ ಲಂಬವಾಗಿ ನಿಂತಿದೆ. ನೂಲು ಬಿಟ್ಟು ನೋಡಿದೆ, ಕೂದಲೆಳೆ ವಾಲಿಲ್ಲ. ಹಿಂದಿನ ಕಂಬ ಸರ್ಟಿಫಿಕೇಟ್ ಇದ್ದೋನು ಹಾಕಿದ್ದು, ಮಳೆಗಾಲಕ್ಕೆ ಮಲಗಿಕೊಂಡಿತು. ಇನ್ನು ನಿನ್ನನ್ನ ಏನಂತ ಕರೀಲಿ ಹೇಳು."

ಅವತ್ತಿನಿಂದ ಅವರ ಕೆಲಸವೆಂದರೆ ಉಳಿದದ್ದನ್ನೆಲ್ಲ ಪಕ್ಕಕ್ಕಿಟ್ಟು ಹೋಗುತ್ತಿದ್ದೆ.

೧೯೯೩ರ ಜೂನ್ ತಿಂಗಳಲ್ಲಿರಬೇಕು, ಒಂದು ಬಟ್ಟೆ ಚೀಲ ತೂಗಿಸಿಕೊಂಡು ಬಸ್ಸಿಳಿದು ನನ್ನ ಶೆಡ್ಡಿಗೆ ಬಂದರು. ಚೀಲದಿಂದ ಪರದೇಶದ ಪತ್ರಿಕೆಯ ಒಂದು ಹಾಳೆ ತೆಗೆದು ಕಟ್ಟೆಯ ಮೇಲೆ ಬಿಡಿಸಿದರು. ಚಿತ್ರದಲ್ಲಿ ಒಂದು ಕಂಬ. ಸೊಂಟದೆತ್ತರಕ್ಕೆ ಕಂಬದ ಸುತ್ತ ದುಂಡನೆಯ ಕಬ್ಬಿಣದ ಬುಟ್ಟಿ. ಅದರ ಮೇಲೆ, ತಲೆಯೆತ್ತರಕ್ಕೆ ಒಂದು ಬಳೆ. ಆ ಬಳೆಯಿಂದ ಸುತ್ತಲೂ ಸರಪಳಿಗಳು ಇಳಿಬಿದ್ದಿದ್ದವು.

"ಇದೇನು ಹೇಳು ಇಂಜಿನಿಯರೇ."

"ಕೋಳಿ ಕೂಡಾಕೋ ಪಂಜರ ಇದ್ದಂಗದೆ ಸಾ. ಬಾಗ್ಲೇ ಇಲ್ವಲ್ಲ?"

"ಒಳಗೆ ಹೋಗೋದು ಕೋಳಿ ಅಲ್ಲ ಕಣಯ್ಯ, ಇದು," ಎಂದು ಚೀಲದಿಂದ ಕೆಂಪು ಪ್ಲಾಸ್ಟಿಕ್ ತಟ್ಟೆ ತೆಗೆದರು. ಊಟದ ತಟ್ಟೆಗಿಂತ ಚಿಕ್ಕದು, ತೂಕದ್ದು. ಅಂಚು ತೆಳ್ಳಗೆ ಇಳಿದಿತ್ತು. ಒಂದು ವರ್ಷ ಕ್ಯಾಂಪಸ್ಸಿನಲ್ಲಿದ್ದು ಹೋದ ಅಮೆರಿಕದ ವಿದ್ಯಾರ್ಥಿಯೊಬ್ಬ ಇಂಥ ಮೂರು ತಟ್ಟೆ ಇವರಿಗೆ ಕೊಟ್ಟು ಹೋಗಿದ್ದನಂತೆ. ಆಟದ ಹೆಸರು ಡಿಸ್ಕ್ ಗಾಲ್ಫ್.

"ಗಾಲ್ಫು ಅಂದ್ರೆ ಸಾಯೇಬ್ರು ಆಡೋದಲ್ವಾ ಸಾ, ಕೋಲ್ ಇಡ್ಕಂಡು?"

"ಇದಕ್ಕೆ ಕೋಲೂ ಬೇಡ, ಸಾಹೇಬರೂ ಬೇಡ. ಒಂದು ಕಡೆ ನಿಂತು ತಟ್ಟೆ ಎಸೀಬೇಕು. ಬಿದ್ದ ಕಡೆ ಹೋಗಿ ಅಲ್ಲಿಂದ ಮತ್ತೆ ಎಸೀಬೇಕು. ಬುಟ್ಟಿಗೆ ಬೀಳೋವರೆಗೂ. ಯಾರು ಕಮ್ಮಿ ಎಸೆತದಲ್ಲಿ ಬೀಳಿಸ್ತಾರೋ ಅವರು ಗೆದ್ದರು. ಅಷ್ಟೇ."

ಕ್ಯಾಂಪಸ್ಸಿನ ಹಿಂದೆ ಹೊಂಗೆ ಮರ, ಬಂಡೆ, ಹಳ್ಳ ತುಂಬಿದ ಒಂದು ಇಳಿಜಾರಿತ್ತು. ಯಾವ ಕೆಲಸಕ್ಕೂ ಬಾರದ ನೆಲ ಎಂದು ಬಿಟ್ಟಿದ್ದರು. ಅಲ್ಲಿ ಒಂಬತ್ತು ಬುಟ್ಟಿ ನೆಡಬೇಕು ಎಂಬುದು ಅವರ ಆಸೆ. ಒಂದು ಮರ ಕಡಿಯಬೇಕಾಗಿಲ್ಲ, ಒಂದು ಕಲ್ಲು ಸರಿಸಬೇಕಾಗಿಲ್ಲ. ನಾನು ಯಾಕೆ ಇಷ್ಟು ಆಸೆ ಎಂದು ಕೇಳಿದೆ.

"ಕ್ರಿಕೆಟ್ ಮೈದಾನದಲ್ಲಿ ಇಪ್ಪತ್ತೆರಡು ಹುಡುಗರು ಆಡ್ತಾರೆ. ಮಿಕ್ಕವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಹೆಣ್ಣುಮಕ್ಕಳಿಗಂತೂ ಚಪ್ಪಾಳೆ ಬಿಟ್ಟರೆ ಬೇರೆ ಆಟವೇ ಇಲ್ಲ. ಇದನ್ನ ಲಂಗ ದಾವಣಿ ಉಟ್ಟೂ ಆಡಬಹುದು, ಹವಾಯಿ ಚಪ್ಪಲೀಲೂ ಆಡಬಹುದು. ಜೊತೆಗೆ ಯಾರೂ ಇಲ್ಲದಿದ್ದರೆ ಒಬ್ಬರೇ ಆಡಬಹುದು. ನನಗೆ ರಿಟೈರಾಗೋಕೆ ನಾಲ್ಕು ವರ್ಷ ಇದೆ. ಇದೊಂದು ಮಾಡಿ ಹೋಗ್ತೀನಿ."

ಅಲ್ಲಿಂದಾಚೆಗೆ ಅವರಿಗೆ ಬೇರೆ ಮಾತಿರಲಿಲ್ಲ. ಪ್ರತಿ ಸೋಮವಾರ ಕಚೇರಿಗೆ ಒಂದು ಕಾಗದ. ಟೈಪಿಸ್ಟ್ ಬೇಸರಪಟ್ಟುಕೊಂಡ ಮೇಲೆ ಕೈಯಲ್ಲೇ ಬರೆದರು, ಕೆಳಗೆ ಕಾರ್ಬನ್ ಇಟ್ಟು. ಕಾಗದದಲ್ಲಿ ಇಳಿಜಾರಿನ ನಕ್ಷೆ ಇರುತ್ತಿತ್ತು, ಒಂದೊಂದು ಬುಟ್ಟಿಗೂ ಒಂದೊಂದು ಸಂಖ್ಯೆ. ಒಂದನೆಯದು ನೀರಿನ ಟ್ಯಾಂಕಿನ ಹತ್ತಿರ, ಮೂರನೆಯದು ಜೋಡಿ ಹೊಂಗೆಯ ಕೆಳಗೆ, ಒಂಬತ್ತನೆಯದು ಹುಡುಗಿಯರ ಹಾಸ್ಟೆಲಿನ ಬೇಲಿಯ ಪಕ್ಕ. ಕಚೇರಿಯಲ್ಲಿ ಅವರಿಗೆ ತಟ್ಟೆ ಮೇಷ್ಟ್ರು ಎಂದು ಹೆಸರಾಯಿತು. "ಬಂದ್ರು ನೋಡ್ಲಾ, ತಟ್ಟೆ ತಕ್ಕಂಡು. ಊಟಕ್ಕಿಕ್ಕು," ಎಂದು ಜವಾನರು ಅವರ ಕಿವಿಗೆ ಬೀಳುವ ಹಾಗೇ ಹೇಳುತ್ತಿದ್ದರು. ಅವರು ನಕ್ಕು ಒಳಗೆ ಹೋಗುತ್ತಿದ್ದರು. ಅವಮಾನವಾಗುವುದಿಲ್ಲವೇ ಎಂದು ಕೇಳಿದರೆ, "ಹೆಸರಿಟ್ಟರು ಅಂದ ಮೇಲೆ ವಿಷಯ ನೆನಪಿದೆ ಅಂತಾಯ್ತಲ್ಲಯ್ಯ," ಎನ್ನುತ್ತಿದ್ದರು.

ಅವರ ಜೊತೆ ಬಸ್ಸಿನಲ್ಲಿ ಹೋಗುವುದೇ ಒಂದು ಮೋಜು. ಸೀಟಿನಲ್ಲಿ ಕೂತರೆ ಕಣ್ಣು ಕಿಟಕಿಯ ಆಚೆಗೆ. "ಆ ಬೇವಿನ ಮರದಿಂದ ಆ ಪಂಪ್‌ಹೌಸಿಗೆ ಎಷ್ಟಾಗ್ತದೆ ಹೇಳು. ಮೂರು ಎಸೆತ. ಗಾಳಿ ಹಿಂದಿಂದ ಬಂದ್ರೆ ಎರಡು." ಗದ್ದೆ, ತೋಟ, ಸ್ಕೂಲು, ಕಾಲುವೆ ಎಲ್ಲವೂ ಅವರಿಗೆ ಎಸೆತದ ಲೆಕ್ಕ. ಕೆ.ಆರ್. ಪೇಟೆಗೆ ಇಷ್ಟು ಕಿಲೋಮೀಟರು ಎಂದು ನಾನು ಹೇಳಿದರೆ ಅದನ್ನೂ ಎಸೆತಕ್ಕೆ ತಿರುಗಿಸುತ್ತಿದ್ದರು. ಪಕ್ಕದವರು ಇವರಿಗೇನೋ ಆಗಿದೆ ಎಂಬಂತೆ ನನ್ನ ಮುಖ ನೋಡುತ್ತಿದ್ದರು.

ಬುಟ್ಟಿ ಬರುವ ಮೊದಲೇ ಆಟ ಶುರುವಾಗಿತ್ತು. ಹೊಂಗೆ ಮರಕ್ಕೆ ಬಿದಿರಿನ ಮಂಕರಿ ಕಟ್ಟಿ ಹುಡುಗಿಯರಿಗೆ ಎಸೆಯಲು ಕಲಿಸುತ್ತಿದ್ದರು. ನಾಗಮಂಗಲದ ಕಡೆಯ ಹುಡುಗಿಯೊಬ್ಬಳು, ಬಿ.ಎ. ಓದುತ್ತಿದ್ದಳು, ಹೊಲದಲ್ಲಿ ಹಕ್ಕಿಗೆ ಕಲ್ಲು ಬೀಸಿ ಅಭ್ಯಾಸವಿದ್ದವಳು, ಬಹಳ ಚೆನ್ನಾಗಿ ಎಸೆಯುತ್ತಿದ್ದಳು. ಆದರೆ ಮೇಷ್ಟ್ರನ್ನು ಮೀರಿಸಿದವರು ಯಾರೂ ಇರಲಿಲ್ಲ. ಹದಿನೈದು ಹೆಜ್ಜೆ ದೂರ ನಿಂತು, ತೋರುಬೆರಳು ನೆಕ್ಕಿ ಗಾಳಿಗೆ ಹಿಡಿದು, ಮೊಣಕೈ ಎದೆಗೆ ತಂದು ಬಿಡುತ್ತಿದ್ದರು. ತಟ್ಟೆ ಬಾಗಿ ಹೋಗಿ ಮಂಕರಿಯೊಳಗೆ ಇಳಿಯುತ್ತಿತ್ತು. ಹತ್ತರಲ್ಲಿ ಎಂಟು. ಐವತ್ತು ದಾಟಿದ ಮನುಷ್ಯ ಆಗ ಮಗುವಿನಂತೆ ನನ್ನ ಕಡೆ ತಿರುಗುತ್ತಿದ್ದರು, ನೋಡಿದೆಯಾ ಎಂಬಂತೆ.

ಡಿಸೆಂಬರಿನಲ್ಲಿ ಕಾಗದಗಳಿಗೆ ಫಲ ಬಂತು. ಕ್ಯಾಂಪಸ್ಸಿನ ವಿಶೇಷಾಧಿಕಾರಿಗಳು ಇನ್ನಿಬ್ಬರನ್ನು ಕರೆದುಕೊಂಡು ಬಂದು ಆಟ ನೋಡುತ್ತಾರೆ, ಒಪ್ಪಿಗೆಯಾದರೆ ಇಳಿಜಾರನ್ನು ಬಿಟ್ಟುಕೊಡುತ್ತಾರೆ. ಅದಕ್ಕೆ ಒಂದಾದರೂ ನಿಜವಾದ ಬುಟ್ಟಿ ಬೇಕು. ಇಬ್ಬರೂ ಕೆ.ಆರ್. ಪೇಟೆ ಸಂತೆಗೆ ಹೋದೆವು, ಸರಪಳಿ ತರಲು. ದನ ಕಟ್ಟುವ ಹಗ್ಗ, ಗಂಟೆ, ಸರಪಳಿ ಮಾರುವವರ ಸಾಲಿನಲ್ಲಿ ಮೇಷ್ಟ್ರು ಚಿತ್ರದ ಹಾಳೆ ಹಿಡಿದು ಒಂದೊಂದೇ ಸರಪಳಿ ಎತ್ತಿ, ಕೈಯಲ್ಲಿ ತೂಗಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. ಕೊನೆಗೆ ಆರಿಸಿದ್ದು ಎಲ್ಲಕ್ಕಿಂತ ತೆಳುವಾದದ್ದನ್ನು.

"ಸಾ, ಅದು ನಾಯಿ ಕಟ್ಟೋದು."

"ಇರಲಿ. ಚಿತ್ರದಲ್ಲಿ ಜೋಲಾಡೋ ಹಾಗೆ ಕಾಣ್ತದೆ. ತಟ್ಟೆ ಬಂದು ಬಡಿದಾಗ ಅದು ಒಳಕ್ಕೆ ಹೋಗಬೇಕು."

ಅಂಗಡಿಯವನು ಬಾಯಿ ಹಾಕಿದ. "ಎಷ್ಟ್ ನಾಯಿ ಸಾಕಿದೀರಿ ಸ್ವಾಮಿ?" ಸುತ್ತ ನಿಂತವರು ನಕ್ಕರು. ಅಲ್ಲಿ ನನ್ನ ಊರಿನವರೂ ಇಬ್ಬರಿದ್ದರು. ನನಗೆ ಕಿವಿ ಬಿಸಿಯಾಯಿತು.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಗೇಟು ಒಯ್ಯಲು ಬಂದ ಗಿರಾಕಿ ಮೊದಲು ಮಾಡುವ ಕೆಲಸ, ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸುವುದು. ಗಡಗಡ ಅಂದರೆ ಮುಖ ಗಂಟಿಕ್ಕುತ್ತಾನೆ. ಸದ್ದಿಲ್ಲದೆ ಬಂಡೆಯಂತೆ ನಿಂತರೆ ತಲೆದೂಗಿ ಅಡ್ವಾನ್ಸ್ ಹೋಗಿ ಉಳಿದದ್ದು ಕೊಡುತ್ತಾನೆ. ಮಾವ ನನಗೆ ಹನ್ನೊಂದು ವರ್ಷ ಕಲಿಸಿದ್ದು ಇದನ್ನೇ: ಅಲ್ಲಾಡಬಾರದು, ಸದ್ದು ಬರಬಾರದು. ಬುಟ್ಟಿ, ಬಳೆ, ಕಂಬ ಎಲ್ಲ ಮುಗಿಸಿ ಕೊನೆಗೆ ಆ ನಾಯಿ ಸರಪಳಿ ತೂಗುಹಾಕಿ ಅಲ್ಲಾಡಿಸಿದೆ. ಗಲಗಲ ಎಂದಿತು. ನಾಚಿಕೆಯಾಯಿತು. ನಾಳೆ ದೊಡ್ಡ ದೊಡ್ಡ ಸಾಹೇಬರು ಬಂದು ಕೈಯಿಟ್ಟು ನೋಡುವ ವಸ್ತು. ಯಾರು ಮಾಡಿದ್ದು ಎಂದು ಕೇಳಿಯೇ ಕೇಳುತ್ತಾರೆ.

ಸರಪಳಿ ಬಿಚ್ಚಿದೆ. ಶೆಡ್ಡಿನಲ್ಲಿದ್ದ ಎತ್ತು ಕಟ್ಟುವ ದಪ್ಪ ಸರಪಳಿ ಕತ್ತರಿಸಿ ಸುತ್ತಲೂ ಎಳೆದು ಬಿಗಿದೆ. ಕೆಳತುದಿಗಳನ್ನೆಲ್ಲ ಕಂಬಕ್ಕೆ ವೆಲ್ಡ್ ಮಾಡಿದೆ. ಅಲ್ಯುಮಿನಿಯಂ ಬಣ್ಣ ಹೊಡೆದೆ. ಅಲ್ಲಾಡಿಸಿದರೆ ಈಗ ತುಟಿಪಿಟಕ್ಕೆನ್ನಲಿಲ್ಲ. ಒಳ್ಳೆಯ ಕೆಲಸ ಮಾಡಿದೆ ಎಂದೇ ಅವತ್ತು ಮಲಗಿದ್ದು.

ಮೂರು ದಿನ ಮೊದಲೇ ಕೊಡುತ್ತೇನೆಂದು ಹೇಳಿದ್ದೆ. ಕರೆಂಟಿನ ಕಾಟದಲ್ಲಿ ತಡವಾಗಿ, ಕಮಿಟಿ ಬರುವ ದಿನ ಬೆಳಿಗ್ಗೆ ಒಂಬತ್ತಕ್ಕೆ ಟೆಂಪೋದಲ್ಲಿ ತಲುಪಿಸಿದೆ. ಮೇಷ್ಟ್ರು ಬುಟ್ಟಿಯ ಸುತ್ತ ಎರಡು ಸುತ್ತು ಬಂದರು. ಸರಪಳಿ ಮುಟ್ಟಿ ನೋಡಿದರು.

"ದಪ್ಪ ಕಾಣ್ತದಲ್ಲಯ್ಯ?"

"ಅದೇ ಸರಪಳಿ ಸಾ. ಬಣ್ಣ ಒಡ್ದಿದೀನಲ್ಲ, ಅದುಕ್ಕೆ ಅಂಗೆ ಕಾಣ್ತದೆ."

ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂದು ನನಗೆ ಗೊತ್ತಿರಲಿಲ್ಲ. ಅವರು ಮತ್ತೆ ಕೇಳಲಿಲ್ಲ. ನಾನು ಹೇಳಿದ ಮೇಲೆ ಅವರಿಗೆ ಅದು ಮುಗಿದ ಮಾತು. ನಿಜವಾದ ಬುಟ್ಟಿಯನ್ನು ಅವರಾಗಲಿ ನಾನಾಗಲಿ ಕಣ್ಣಲ್ಲಿ ನೋಡಿದವರಲ್ಲ.

ಹನ್ನೊಂದಕ್ಕೆ ಕಮಿಟಿ ಬಂತು. ವಿಶೇಷಾಧಿಕಾರಿಗಳು ಕೆಟ್ಟವರೇನಲ್ಲ, ನಗುನಗುತ್ತಲೇ ಬಂದರು. "ಮೇಷ್ಟ್ರೇ, ನಿಮ್ಮ ಕಾಗದ ಓದಿ ಓದಿ ನನಗೂ ಆಟ ಬಂದುಬಿಟ್ಟಿದೆ. ಹತ್ತು ಸಲ ಎಸೆಯಿರಿ. ಐದು ಬಿದ್ದರೂ ಸಾಕು, ಇಲ್ಲೇ ಸಹಿ ಹಾಕ್ತೀನಿ," ಎಂದರು. ಫೈಲು ಜವಾನನ ಕೈಯಲ್ಲೇ ಇತ್ತು. ಹುಡುಗಿಯರು ಬೇಲಿಯ ಹತ್ತಿರ ಸಾಲಾಗಿ ನಿಂತಿದ್ದರು.

ಮೇಷ್ಟ್ರು ಹದಿನೈದು ಹೆಜ್ಜೆ ಅಳೆದು ನಿಂತರು. ಬೆರಳು ನೆಕ್ಕಿ ಗಾಳಿಗೆ ಹಿಡಿದರು. ಮೊದಲ ತಟ್ಟೆ ನೇರವಾಗಿ ಹೋಗಿ ಸರಪಳಿಯ ನಡುಮಧ್ಯಕ್ಕೆ ಬಡಿಯಿತು. ಠಣ್ ಎಂದು ಹಿಂದಕ್ಕೆ ಚಿಮ್ಮಿ ಅವರ ಕಾಲ ಹತ್ತಿರವೇ ಬಂದು ಬಿತ್ತು. ಎರಡನೆಯದೂ ಹಾಗೇ. ಮೂರನೆಯದಕ್ಕೆ ನನಗೆ ಅರ್ಥವಾಯಿತು. ಬಂಡೆಗೆ ಎಸೆದರೆ ಬಂಡೆ ಹಿಡಿದುಕೊಳ್ಳುತ್ತದೆಯೇ? ಜೋಲಾಡುವ ಸರಪಳಿಯಾದರೆ ಒಳಕ್ಕೆ ಎಳೆದುಕೊಂಡು ಬುಟ್ಟಿಗೆ ಇಳಿಸುತ್ತದೆ. ನನ್ನದು ಅಲ್ಲಾಡದ ಕೆಲಸ.

ನಾಲ್ಕು. ಐದು. ಮೇಷ್ಟ್ರು ತಮ್ಮ ಅಂಗೈ ನೋಡಿಕೊಂಡರು, ಷರ್ಟಿಗೆ ಒರೆಸಿಕೊಂಡರು. ಮೆಲ್ಲಗೆ ಎಸೆದರು, ಜೋರಾಗಿ ಎಸೆದರು. ಏಳು ಸಲ ಸರಪಳಿಗೇ ಬಡಿಯಿತು. ಆಮೇಲಿನ ಮೂರು ಬುಟ್ಟಿಯ ಹತ್ತಿರವೂ ಹೋಗಲಿಲ್ಲ.

"ಮೇಷ್ಟ್ರೇ, ಊಟದ್ ತಟ್ಟೆನಾರ ಬಿಸಾಕಿ ನೋಡಿ, ಬಿದ್ದಾತು," ಎಂದ ಜವಾನ. ಕಮಿಟಿಯವರು ನಕ್ಕರು. ವಿಶೇಷಾಧಿಕಾರಿಗಳು ಮಾತ್ರ ಬುಟ್ಟಿಯ ಹತ್ತಿರ ಬಂದು, "ಬುಟ್ಟೀಲೇನಾದರೂ ದೋಷ ಇದೆಯೇ?" ಎಂದು ಕೇಳಿದರು.

"ಇಲ್ಲ ಸಾರ್," ಎಂದರು ಮೇಷ್ಟ್ರು. "ನಮ್ಮ ಇಂಜಿನಿಯರು ಮಾಡಿದ್ದು. ಅದರಲ್ಲಿ ತಪ್ಪಿರೋಲ್ಲ. ಕೈ ನನ್ನದು."

ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಸಾ, ಸರಪಳಿ ನಾನು ಬದಲಾಯಿಸಿದೆ ಎಂದಿದ್ದರೆ ಆಗುತ್ತಿತ್ತು. ನಾಲ್ಕು ಪದ. ವಿಶೇಷಾಧಿಕಾರಿಗಳು ಅಂಥ ಮನುಷ್ಯ, ಇನ್ನೊಂದು ದಿನ ಬರುತ್ತಿದ್ದರೋ ಏನೋ. ನಲವತ್ತು ಜನರೆದುರು ನನ್ನ ಕೆಲಸದಲ್ಲಿ ತಪ್ಪಿದೆ ಎಂದು ನನ್ನ ಬಾಯಲ್ಲೇ ಹೇಳುವುದು ನನ್ನಿಂದಾಗಲಿಲ್ಲ. ಅವರು ಜೀಪು ಹತ್ತಿ ಹೋದರು. ಮೇಷ್ಟ್ರು ಬಗ್ಗಿ ತಟ್ಟೆಗಳನ್ನು ಆರಿಸಿಕೊಂಡರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಮುದ್ದೆ ತಿರುವುತ್ತಲೇ ಕೇಳಿಸಿಕೊಂಡಳು.

"ಓಗಿ ಯೋಳ್ಬುಡಿ. ಬೈದ್ರೆ ಬೈಸ್ಕಳಿ. ಬೈದಿದ್ದು ಮೈಗೆ ಅಂಟ್ಕತದಾ?"

"ಅವ್ರು ಬೈಯಾಕಿಲ್ಲ ಕಣೆ. ಅದೇ ಕಷ್ಟ."

"ಅಂಗಾರೆ ಇನ್ನೂ ಬೇಗ ಓಗಿ."

ಹೋಗಲಿಲ್ಲ. ನನಗೆ ಗೊತ್ತಿದ್ದ ದಾರಿ ಒಂದೇ, ಕೈಕೆಲಸ. ಬಣ್ಣ ಏಳುತ್ತಿದೆ, ಸರಿಮಾಡಿ ತರುತ್ತೇನೆ ಎಂದು ಹೇಳಿ ಬುಟ್ಟಿಯನ್ನು ಶೆಡ್ಡಿಗೆ ತಂದೆ. ದಪ್ಪ ಸರಪಳಿ ಕತ್ತರಿಸಿ ಎಸೆದು ಆ ತೆಳು ಸರಪಳಿಯನ್ನೇ ಜೋಲುಬಿಟ್ಟು ಹಾಕಿದೆ. ಅಷ್ಟೇ ತೂಕದ ತಟ್ಟೆಯೊಂದನ್ನು ತಗಡಿನಲ್ಲಿ ಮಾಡಿಕೊಂಡು ಎಸೆದು ಎಸೆದು ನೋಡಿದೆ. ಹದಿನೈದು ದಿನದ ಮೇಲೆ ತಂದು ಅದೇ ಗುಂಡಿಯಲ್ಲಿ ನೆಟ್ಟೆ. ನಾಗಮಂಗಲದ ಹುಡುಗಿ ಎಸೆದಳು. ಗಲ್ ಎಂದು ತಟ್ಟೆ ಒಳಗೆ ಬಿತ್ತು. ಇನ್ನೊಬ್ಬಳು ಎಸೆದಳು, ಅದೂ ಬಿತ್ತು. ಹುಡುಗಿಯರು ಕೂಗಿಕೊಂಡರು. ನಾನು ಮೇಷ್ಟ್ರ ಮುಖ ನೋಡಿದೆ. ಈಗ ಅವರಿಗೆ ತಿಳಿಯುತ್ತದೆ, ನಾನು ಬಾಯಿಬಿಡದೆಯೇ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ.

"ನೀವೂ ಒಂದು ಎಸೀರಿ ಸಾ."

"ಬೇಡ ಕಣಯ್ಯ. ನೋಡು, ಬಣ್ಣ ತೆಗೆದ ಮೇಲೆ ಸರಪಳಿ ತೆಳ್ಳಗೆ ಕಾಣ್ತದೆ ಅಷ್ಟೇ, ಅದೇ ಬುಟ್ಟಿ. ಮಕ್ಕಳು ಎಸೆದರೆ ಬೀಳ್ತದೆ. ಅಂದ ಮೇಲೆ ದೋಷ ಎಲ್ಲಿತ್ತು?" ಬಲಗೈ ಎತ್ತಿ ತೋರಿಸಿದರು. "ವಯಸ್ಸು. ನಾನು ಮಂಕರಿಗೆ ಎಸೆದು ಎಸೆದು ನನ್ನ ಕೈ ಇನ್ನೂ ಇದೆ ಅಂತ ತಿಳಿದಿದ್ದೆ. ಹೋಗಿದೆ."

ಆ ದಿನದಿಂದ ಅವರು ತಟ್ಟೆ ಎಸೆಯಲಿಲ್ಲ. ಕಲಿಸುತ್ತಿದ್ದರು, ಕೈಕಟ್ಟಿ ನಿಂತು. ಹುಡುಗಿಯರು ಬಲವಂತ ಮಾಡಿದರೆ ಕಡಲೆಕಾಯಿ ಕೊಟ್ಟು ಮಾತು ಮರೆಸುತ್ತಿದ್ದರು.

ಸೋಮವಾರದ ಕಾಗದ ಮಾತ್ರ ನಿಲ್ಲಲಿಲ್ಲ. ಆದರೆ ವಿಶೇಷಾಧಿಕಾರಿಗಳಿಗೆ ವರ್ಗವಾಯಿತು. ಹೊಸಬರು ಫೈಲು ತೆರೆದರೆ ಮೇಲುಗಡೆಯೇ ಒಂದು ಸಾಲು: ಪ್ರಾತ್ಯಕ್ಷಿಕೆ ವಿಫಲ. ಒಮ್ಮೆ ವಿಫಲವಾದದ್ದನ್ನು ಮತ್ತೆ ನೋಡಲು ಕಮಿಟಿ ಕರೆಯುವುದಕ್ಕೆ ದಾರಿಯಿಲ್ಲವಂತೆ.

ಇದು ತಿಳಿದು ನಾನೇ ಕಚೇರಿಗೆ ಹೋದೆ. ಇಸ್ತ್ರಿ ಷರ್ಟು ಹಾಕಿಕೊಂಡು, ಅರ್ಧ ಪುಟ ನನ್ನ ಕೈಯಲ್ಲೇ ಬರೆದುಕೊಂಡು: ಸರಪಳಿ ಬದಲಾಯಿಸಿದ್ದು ನಾನು, ತಪ್ಪು ನನ್ನದು, ಮೇಷ್ಟ್ರದಲ್ಲ, ಇನ್ನೊಂದು ಸಲ ನೋಡಬೇಕು ಎಂದು. ಗುಮಾಸ್ತ ಎರಡು ಸಲ ಓದಿದ.

"ಇದನ್ನ ಯಾವ ಫೈಲಿಗೆ ಹಾಕ್ಲಪ್ಪ? ತಪ್ಪು ನಂದಲ್ಲ ಅಂತ ಅರ್ಜಿ ಬರ್ತವೆ. ನಂದು ಅಂತ ಇದೇ ಮೊದಲು."

"ಸಾಯೇಬ್ರ ಕೈಗೆ ಕೊಡಿ ಸಾ."

"ನೀನು ಇಲ್ಲಿ ನೌಕರನಾ?"

"ಅಲ್ಲ. ಗೇಟು ಮಾಡೋನು."

"ಹೊರಗಿನೋರ ಅರ್ಜಿ ಮೇಷ್ಟ್ರ ಮೂಲಕ ಬರಬೇಕು. ಅವರ ಸಹಿ ಹಾಕಿಸ್ಕೊಂಡು ಬಾ."

ಅವರ ಸಹಿ ಹಾಕಿಸಬೇಕಾದರೆ ಅವರಿಗೆ ಓದಲು ಕೊಡಬೇಕು. ಹೊರಗೆ ಬಂದು ಹೊಂಗೆಯ ಕೆಳಗೆ ನಿಂತೆ. ಮೇಷ್ಟ್ರು ಆಚೆ ಕಡೆ ಹುಡುಗಿಯರಿಗೆ ಮೊಣಕೈ ಹೇಗೆ ಮಡಚಬೇಕೆಂದು ತೋರಿಸುತ್ತಿದ್ದರು. ಅರ್ಜಿ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಅಪರಿಚಿತ ಗುಮಾಸ್ತನಿಗೆ ಹೇಳಲು ಬಂದ ಧೈರ್ಯ ಅವರಿಗೆ ಹೇಳಲು ಬರಲಿಲ್ಲ. ಅದು ಯಾಕೆ ಎಂದು ನನಗೆ ಇನ್ನೂ ಬಿಡಿಸಲಾಗಿಲ್ಲ.

೧೯೯೬ರಲ್ಲಿ ಇಳಿಜಾರಿಗೆ ಬುಲ್ಡೋಜರ್ ಬಂತು. ಅಲ್ಲಿ ಸಿಬ್ಬಂದಿ ವಸತಿಗೃಹ ಎಂದರು. ನಾನು ಗೇಟಿನ ಅಳತೆಗೆ ಹೋಗಿದ್ದೆ. ಮೇಷ್ಟ್ರು ಕೊಡೆ ಹಿಡಿದು ನೀರಿನ ಟ್ಯಾಂಕಿನ ಹತ್ತಿರ ನಿಂತಿದ್ದರು. ಜೋಡಿ ಹೊಂಗೆ ಬುಡಸಮೇತ ಮಗುಚಿದಾಗ, "ಮೂರು ಹೋಯ್ತು," ಎಂದರು. ಬಂಡೆ ಒಡೆದಾಗ, "ಐದು." ಯಾರೂ ಕಟ್ಟದ, ಅವರ ನಕ್ಷೆಯಲ್ಲಿ ಮಾತ್ರ ಇದ್ದ ಬುಟ್ಟಿಗಳನ್ನು ಎಣಿಸುತ್ತಿದ್ದರು. ನಾನು ಪಕ್ಕದಲ್ಲಿ ಟೇಪು ಹಿಡಿದು ನಿಂತಿದ್ದೆ. ಇಳಿಜಾರು ಸಮತಟ್ಟಾಯಿತು. ವಸತಿಗೃಹ ಇನ್ನೂ ಬಂದಿಲ್ಲ. ಜಾಲಿ ಬೆಳೆದಿದೆ.

ಮರುವರ್ಷ ಅವರು ನಿವೃತ್ತರಾದರು. ಶಾಲು, ಹಾರ, ನಾಲ್ಕು ಭಾಷಣ. ತಟ್ಟೆ ಮೇಷ್ಟ್ರು ಎಂದು ವೇದಿಕೆಯಿಂದಲೇ ಒಬ್ಬರು ಹೇಳಿ ನಗಿಸಿದರು. ಬುಟ್ಟಿಯನ್ನು ಕಿತ್ತು ಗುಜರಿ ಸಾಮಾನಿನ ಜೊತೆ ಹಾಕಿದ್ದರು. ನಾನು ಅದನ್ನು ಬಿಡಿಸಿಕೊಂಡು ಪಾಂಡವಪುರಕ್ಕೆ ತಂದೆ.

ಈ ವರ್ಷ, ೧೯೯೯ರ ಮೊದಲಲ್ಲಿ ಅವರಿಗೆ ಹುಷಾರಿಲ್ಲ ಎಂದು ನಾಗಮಂಗಲದ ಆ ಹುಡುಗಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಹೇಳಿದಳು. ಈಗ ಅವಳೂ ಹೈಸ್ಕೂಲಿನಲ್ಲಿ ಟೀಚರು. ಶ್ರೀರಂಗಪಟ್ಟಣಕ್ಕೆ ಹೋದೆ. ಬಾಗಿಲ ಹತ್ತಿರದ ಮಂಚದಲ್ಲಿ ದಿಂಬಿಗೆ ಒರಗಿದ್ದರು. ಬಲಗಡೆ ಸ್ವಾಧೀನ ತಪ್ಪಿತ್ತು, ಮಾತು ಮಾತ್ರ ಸ್ಪಷ್ಟವಿತ್ತು. ನನ್ನ ಅಂಗಡಿ, ಹೆಣ್ಣುಮಕ್ಕಳು, ಕರೆಂಟು ಎಲ್ಲ ವಿಚಾರಿಸಿದರು. ಕೂತಿದ್ದವನು ಎದ್ದು ನಿಂತು ಹೇಳಿದೆ.

"ಸಾ, ಆವತ್ತು ಕಮಿಟಿ ಬಂದಾಗ ಇದ್ದದ್ದು ನೀವು ತಂದ ಸರಪಳಿ ಅಲ್ಲ. ಎತ್ತಿನ ಸರಪಳಿ. ಅಲ್ಲಾಡ್ಬಾರ್ದು ಅಂತ ನಾನೇ ಬಿಗ್ದು ವೆಲ್ಡ್ ಮಾಡ್ಬುಟ್ಟಿದ್ದೆ. ಆಮೇಕೆ ಸುಮ್ಕೆ ಬದ್ಲಾಯಿಸ್ದೆ. ನಿಮ್ಗೆ ಸುಳ್ಳು ಯೋಳ್ದೆ."

ಗೊತ್ತಿತ್ತು ಬಿಡು ಎನ್ನುತ್ತಾರೆ ಎಂದು ನಾನು ಐದು ವರ್ಷ ಅಂದುಕೊಂಡೇ ಇದ್ದೆ. ಅವರಿಗೆ ಗೊತ್ತಿರಲಿಲ್ಲ.

"ಹಾಗಾದರೆ ಕೈ ಸರಿಯಾಗೇ ಇತ್ತೇ?"

"ಇತ್ತು ಸಾ. ಏಳಕ್ಕೆ ಏಳೂ ನಡುಮಧ್ಯಕ್ಕೇ ಬಿದ್ದಿದ್ವು."

ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಅದರ ಬೆರಳು ಒಂದೊಂದಾಗಿ ಬಿಡಿಸಿ ನೋಡಿದರು.

"ಐದು ವರ್ಷ ಆಡಬಹುದಿತ್ತಲ್ಲಯ್ಯ," ಎಂದರು. ಸಿಟ್ಟಿರಲಿಲ್ಲ. ಲೆಕ್ಕ ಹಾಕಿದ ಹಾಗಿತ್ತು. "ಅವರು ಜಾಗ ಕೊಡದೇ ಇದ್ದರೂ, ನಾನಾದರೂ ಆಡಬಹುದಿತ್ತು."

ಒಳಗಿನಿಂದ ಅವರ ಮನೆಯವರು ಕಾಫಿ ತಂದರು. ಕುಡಿದು ಹೋಗು ಎಂದರು ಮೇಷ್ಟ್ರು. ಕುಡಿದೆ. ಮತ್ತೆ ಬರುತ್ತೇನೆಂದು ಹೇಳಿ ಬಂದವನಿಗೆ ಸುದ್ದಿ ಬಂದದ್ದು ವೈಕುಂಠ ಸಮಾರಾಧನೆಯೂ ಮುಗಿದ ಮೇಲೆ.

ಈಗ ನನ್ನ ಬಳಿ ಇರುವುದು ಇಷ್ಟು. ಸ್ಟೇಷನ್ ರಸ್ತೆಯಲ್ಲಿ ಸ್ವಂತ ಶೆಡ್ಡು, ಒಂದು. ವೆಲ್ಡಿಂಗ್ ಮೆಷಿನ್ನು, ಎರಡು. ಕೆಲಸದವರು, ನಾಲ್ಕು ಜನ. ಆರ್.ಸಿ.ಸಿ. ಮನೆ, ಒಂದು. ಹೆಣ್ಣುಮಕ್ಕಳು ಇಬ್ಬರು, ಇಬ್ಬರೂ ಓದುತ್ತಿದ್ದಾರೆ. ಸಿಂಧಘಟ್ಟದಲ್ಲಿ ನನ್ನ ಪಾಲಿನ ಒಂದೂವರೆ ಎಕರೆ. ಸಹಿಯಿಲ್ಲದ ಅರ್ಜಿ, ಒಂದು. ಶೆಡ್ಡಿನ ಹಿಂದೆ ಸರಪಳಿ ಬುಟ್ಟಿ, ಒಂದು. ತಟ್ಟೆ ಇಲ್ಲ. ಮೂರೂ ಅವರ ಮನೆಯಲ್ಲಿವೆ, ಕೇಳಲು ಹೋಗಿಲ್ಲ.